ತುಂಡು ಜಾಸ್ತಿ ಮಾಡಿದಷ್ಟೂ ಲೆಕ್ಕ ಯಾಕೆ ನಿಧಾನ?

ನೀವು ಕೇಳಿದ್ದು ಇಷ್ಟು: ಶಾಖದ ಸಿಮ್ಯುಲೇಶನ್ ಒಂದನ್ನು 4 ತುಂಡು ಮಾಡಿ ಕಂಪ್ಯೂಟರಿನ 4 ಕೋರ್‌ಗೆ ಹಂಚಿದಾಗ ಬೇಗ ಮುಗಿಯಿತು, 64 ತುಂಡು ಮಾಡಿದಾಗ ಉತ್ತರ ಕೂಡಿಬರಲು ಮತ್ತೆ ಮತ್ತೆ ಹಾಕಬೇಕಾದ ಲೆಕ್ಕದ ಸುತ್ತುಗಳು ಏರುತ್ತಲೇ ಹೋದವು, ಕೋಡ್ ತಪ್ಪಾ? ಕೋಡ್ ಸರಿಯಾಗೇ ಇರಬಹುದು. ಹಾಸನದಲ್ಲಿ ಎಂ.ಟೆಕ್ ಮಾಡುವಾಗ ನಾನೂ ಎರಡು ವಾರ ಇಲ್ಲದ ಬಗ್ ಹುಡುಕಿದ್ದೆ.

ಮೊದಲು ಎರಡೇ ತುಂಡು ನೋಡಿ. 100 ಸೆಂ.ಮೀ. ಉದ್ದದ ಕಬ್ಬಿಣದ ಸರಳು. ಎಡ ತುದಿ 0 ಡಿಗ್ರಿ, ಬಲ ತುದಿ 90. ಪಕ್ಕಗಳಿಂದ ಶಾಖ ಸೋರುವುದಿಲ್ಲ. ಹಾಗಾದರೆ ಕೊನೆಗೆ ಉಷ್ಣತೆ ಎಡದಿಂದ ಬಲಕ್ಕೆ ಒಂದೇ ಸಮ ಏರುತ್ತದೆ, 60ನೇ ಸೆಂ.ಮೀ.ನಲ್ಲಿ ಉತ್ತರ 54 ಡಿಗ್ರಿ. ಈಗ ಎಡ ತುಂಡು 0ಯಿಂದ 60, ಬಲ ತುಂಡು 40ರಿಂದ 100. ನಡುವಿನ 20 ಸೆಂ.ಮೀ. ಇಬ್ಬರದೂ. ಆ 54 ನಮಗೆ ಗೊತ್ತಿಲ್ಲ ಅನ್ನಿ, 60ರಲ್ಲಿ ಸುಮ್ನೆ 0 ಅಂದುಕೊಳ್ಳಿ. ಎಡ ತುಂಡು ಪೂರ್ತಿ 0 ಆಯಿತು. 40ರಲ್ಲಿನ ಆ 0 ಹಿಡಿದು ಬಲ ತುಂಡು ಲೆಕ್ಕ ಹಾಕಿದರೆ 60ರಲ್ಲಿ 30 ಬರುತ್ತದೆ. ಅದನ್ನು ಎಡಕ್ಕೆ ಕೊಟ್ಟರೆ 40ರಲ್ಲಿ 20. ಮತ್ತೆ ಬಲಕ್ಕೆ ಕೊಟ್ಟರೆ 60ರಲ್ಲಿ 43.3, ಆಮೇಲೆ 49.3. ಬಂತು ನೋಡಿ, 54ರ ಹತ್ತಿರ. ಇಬ್ಬರಿಗೂ ಸೇರಿದ ಜಾಗ ಇಲ್ಲದೆ 50ಕ್ಕೆ ನೇರವಾಗಿ ಕತ್ತರಿಸಿ, ಬರೀ ಉಷ್ಣತೆ ಅದಲುಬದಲು ಮಾಡಿದರೆ? ಎಡದವನು 0 ಅಂತಾನೆ, ಬಲದವನೂ ಅದೇ 0 ಅಂತಾನೆ. ಲೆಕ್ಕ ಅಲ್ಲೇ ಕೂರುತ್ತದೆ.

ಹೀಗೆ ಇಬ್ಬರದೂ ಆದ ಜಾಗ ಇಟ್ಟು ಲೆಕ್ಕ ಹಾಕುವುದು 1870ರಲ್ಲಿ ಗಣಿತಜ್ಞ ಹರ್ಮನ್ ಶ್ವಾರ್ಟ್ಸ್ ಹುಡುಕಿದ ದಾರಿ. ಅವರಿಗೆ ಕಂಪ್ಯೂಟರ್ ಬೇಕಿರಲಿಲ್ಲ. ವೃತ್ತಕ್ಕೆ ಆಯತ ಅಂಟಿಸಿದಂಥ ಆಕಾರದಲ್ಲೂ ಇಂಥ ಸಮೀಕರಣಕ್ಕೆ ಉತ್ತರ ಇದ್ದೇ ಇದೆ ಅಂತ ಸಾಧಿಸಬೇಕಿತ್ತು, ಅಷ್ಟೇ.

ಈಗ ನಿಮ್ಮ 64. ನಮ್ಮ ಮನೆ ಮೂಡಿಗೆರೆ ಕಡೆ, ಕಾಫಿ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಬ್ಲಾಕಿಗೊಬ್ಬ ಮೇಸ್ತ್ರಿ. ಪ್ರತಿಯೊಬ್ಬನೂ ಪಕ್ಕದ ಬ್ಲಾಕಿನವನ ಜೊತೆ ಮಾತ್ರ ಮಾತಾಡುತ್ತಾನೆ ಅಂದುಕೊಳ್ಳಿ. ಕೆಳಗೆ ಹಳ್ಳದ ಹತ್ತಿರ ಸ್ಪ್ರಿಂಕ್ಲರ್ ಪೈಪ್ ಒಡೆದ ಸುದ್ದಿ ಮೇಲಿನ ಬ್ಲಾಕಿಗೆ ಮುಟ್ಟಲು ನಡುವೆ ಇರುವ ಎಲ್ಲರ ಬಾಯಿ ದಾಟಬೇಕು. ನಾಲ್ಕು ಬ್ಲಾಕ್ ಇದ್ದರೆ ಪರವಾಗಿಲ್ಲ. ಜಾಸ್ತಿಯಾದರೆ ಸಂಜೆಯಾದರೂ ಮುಟ್ಟುವುದಿಲ್ಲ. ನಿಮ್ಮ ಲೆಕ್ಕದಲ್ಲೂ ಒಂದು ಸುತ್ತಿಗೆ ಸುದ್ದಿ ಒಂದು ತುಂಡು ಮಾತ್ರ ದಾಟುತ್ತಿದೆ. ಇಬ್ಬರದೂ ಆದ ಜಾಗ ದೊಡ್ಡದು ಮಾಡಿದರೆ ಸುತ್ತು ಸ್ವಲ್ಪ ಇಳಿಯುತ್ತದೆ, ಆದರೆ ಒಂದೇ ಕೆಲಸವನ್ನು ಇಬ್ಬರು ಮಾಡಿದಂತಾಗುತ್ತದೆ.

ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಇರುವುದು ಇದಕ್ಕೇ ಅಲ್ವಾ? ಪ್ರತಿ ಮೇಸ್ತ್ರಿಯಿಂದ ಒಂದೊಂದು ಸಂಖ್ಯೆ ತೆಗೆದುಕೊಂಡು ಇಡೀ ತೋಟದ ಒರಟು ಲೆಕ್ಕ ಹಾಕಿ, ಎಲ್ಲರಿಗೂ ಒಟ್ಟಿಗೆ ತಿದ್ದುಪಡಿ ಹೇಳುತ್ತಾನೆ. ನಿಮಗೂ ಅಂಥದ್ದೊಂದು ಬೇಕು. ತುಂಡಿಗೊಂದು ಅಜ್ಞಾತದಂತೆ (ಕಂಡುಹಿಡಿಯಬೇಕಾದ ಸಂಖ್ಯೆ) 64 ಅಜ್ಞಾತಗಳ ಪುಟ್ಟ ಸಮೀಕರಣ ವ್ಯವಸ್ಥೆಯನ್ನು ಪ್ರತಿ ಸುತ್ತಿನಲ್ಲೂ ಬಿಡಿಸಿ. ಇದಕ್ಕೆ ಕೋರ್ಸ್ ಗ್ರಿಡ್, ಅಂದರೆ ಒರಟು ಜಾಲ ಅಂತಾರೆ. ಆಮೇಲೆ ಸುತ್ತುಗಳು ತುಂಡುಗಳ ಸಂಖ್ಯೆಯನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ. ಸಾವಿರಾರು ತುಂಡಾದರೆ ರೈಟರೇ ಸುಸ್ತಾಗುತ್ತಾನೆ, ಆ ಮಾತು ಬೇರೆ.

ಇಂಥ ಲೆಕ್ಕಗಳ ಸಾಫ್ಟ್‌ವೇರ್ ಲೈಬ್ರರಿ ಪೆಟ್ಸಿ (PETSc) ಬಳಸುತ್ತಿದ್ದೀರಾ? ಹಾಗಿದ್ದರೆ ಅದರಲ್ಲಿ ಇಬ್ಬರದೂ ಆದ ಜಾಗ ಇಟ್ಟು ಲೆಕ್ಕ ಹಾಕುವ ವಿಧಾನವಾದ ಎಎಸ್‌ಎಂನಲ್ಲಿ ರೈಟರ್ ಇಲ್ಲ. ರೈಟರ್ ಇರುವ ವಿಧಾನ ಬಿಡಿಡಿಸಿ, ಅದನ್ನು ಹಾಕಿ ನೋಡಿ. ಅದಕ್ಕೆ ಮ್ಯಾಟ್ರಿಕ್ಸನ್ನು ಮ್ಯಾಟ್‌ಐಎಸ್ ರೂಪದಲ್ಲಿ, ಅಂದರೆ ಪ್ರತಿ ತುಂಡಿನ ಅಂಕಿಗಳನ್ನು ಬೇರೆಬೇರೆಯಾಗೇ ಇಟ್ಟು, ಜೋಡಿಸಬೇಕು. ನಾನು ಮೊದಲ ಸಲ ಅದನ್ನು ಮರೆತು ಮತ್ತೊಂದು ದಿನ ಕಳೆದೆ.