800 ಮನೆಯ ಊರಲ್ಲಿ ನೀರಿನ ಸರ್ವೆ ಮಾಡೋಕೆ ಎಷ್ಟು ಮನೆ ಕೇಳಿದರೆ ಸಾಕು? ಹೇಗೆ ಆರಿಸೋದು?

ಸುಮಾರು 260 ಮನೆ ಸಾಕು. ಇದು ಶೇ. 95 ಭರವಸೆ, ಶೇ. 5 ಆಚೀಚೆ ಅನ್ನೋ ಲೆಕ್ಕಕ್ಕೆ. ಅಂದರೆ ಇಂಥ ಸರ್ವೆ 100 ಸಲ ಮಾಡಿದರೆ ಸುಮಾರು 95 ಸಲ ಬರುವ ಶೇಕಡಾ ಲೆಕ್ಕ, ಇಡೀ ಊರಿನ ನಿಜ ಲೆಕ್ಕಕ್ಕಿಂತ 5ಕ್ಕಿಂತ ಹೆಚ್ಚು ಆಚೀಚೆ ಆಗುವುದಿಲ್ಲ. ಊರಲ್ಲಿ ಲೆಕ್ಕವಿಲ್ಲದಷ್ಟು ಮನೆ ಇವೆ ಅಂದುಕೊಂಡರೆ 385 ಬೇಕಾಗುತ್ತದೆ. ಆದರೆ ಇಲ್ಲಿರೋದೇ 800 ಮನೆ. ಒಮ್ಮೆ ಕೇಳಿದ ಮನೆಯನ್ನು ಮತ್ತೆ ಕೇಳುವುದಿಲ್ಲ, ಅಲ್ವಾ? ಹಾಗಾಗಿ ಗೊತ್ತಿಲ್ಲದ ಭಾಗ ಕರಗುತ್ತಾ ಹೋಗುತ್ತದೆ. 385ನ್ನು (1 + 385/800) ಇಂದ ಭಾಗಿಸಿ ನೋಡಿ, 260 ಬರುತ್ತದೆ. ಇದೇ ಲೆಕ್ಕ 1 ಲಕ್ಷ ಮನೆಗೆ ಹಾಕಿದರೆ ಸುಮಾರು 383. ಊರು ನೂರಕ್ಕೂ ಹೆಚ್ಚು ಪಟ್ಟು ದೊಡ್ಡದಾದರೂ ಕೇಳಬೇಕಾದ ಮನೆ ಅಷ್ಟೇನೂ ಹೆಚ್ಚುವುದಿಲ್ಲ. ನನಗೆ ಸಂಖ್ಯಾಶಾಸ್ತ್ರದಲ್ಲಿ ತುಂಬಾ ಇಷ್ಟವಾದ ಮಾತು ಇದು.

ಈಗ ಆರಿಸೋದು. ಎಲ್ಲಾ ಮನೆಗಳ ಪಟ್ಟಿ ಮಾಡಿ, 1ರಿಂದ 800 ನಂಬರ್ ಹಾಕಿ. 800ನ್ನು 260ರಿಂದ ಭಾಗಿಸಿದರೆ ಸುಮಾರು 3, ಹಾಗಾಗಿ ಮೂರಕ್ಕೊಂದು ಮನೆ. 1, 2, 3ರಲ್ಲಿ ಒಂದು ಚೀಟಿ ಎತ್ತಿ. 2 ಬಂದರೆ 2, 5, 8, 11 ಹೀಗೆ ಪ್ರತಿ ಮೂರನೇ ಮನೆ. ತೋಟದ ಮನೆಗಳಿಗೆ ಬೋರ್‌ವೆಲ್, ಊರೊಳಗೆ ನಲ್ಲಿ ಅಂತಿದ್ದರೆ ಎರಡಕ್ಕೂ ಬೇರೆ ಬೇರೆ ಪಟ್ಟಿ ಮಾಡಿ, ಎರಡರಲ್ಲೂ ಹೀಗೇ ಆರಿಸಿ. ಸುಮ್ನೆ ಒಂದೇ ಬೀದಿಯ ಮನೆಗಳನ್ನೆಲ್ಲ ಕೇಳಬೇಡಿ. ಒಂದೇ ಪೈಪಿನ ನೀರು ಕುಡಿಯುವವರು ಹೆಚ್ಚಾಗಿ ಒಂದೇ ಉತ್ತರ ಕೊಡುತ್ತಾರೆ.

ಜಾಸ್ತಿ ಜನ ಎಡವೋದು ಬೀಗ ಹಾಕಿದ ಮನೆಯ ಮುಂದೆ. ಪಕ್ಕದ ಮನೆ ಕೇಳಿ ಮುಂದೆ ಹೋಗಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಗಲಲ್ಲಿ ಬೀಗ ಇದ್ದರೆ ಅವರು ಕೂಲಿಗೆ ಹೋಗಿರಬಹುದು. ನೀರಿನ ಕಷ್ಟ ಅವರಿಗೇ ಹೆಚ್ಚಿರಬಹುದು. ಸಂಜೆ ಏಳರ ಮೇಲೆ ಮತ್ತೆ ಹೋಗಿ ಬಾಗಿಲು ತಟ್ಟಿ.