ಬೀದರಿನ ಹೊಲದ ಕಾಗದ

ದೋಸ್ತ, "ನಾವೂ ರಾಜರ ಆಳ್ವಿಕೆಯಲ್ಲೇ ಇದ್ವಿ, ನೀವೂ ಅಷ್ಟೇ. ಇನ್ನೂ ಎಷ್ಟು ವರ್ಷ ನಿಜಾಮನ ಹೆಸರು ಹೇಳ್ಕೊಂಡು ಅಳ್ತೀರೋ?" ಅಂತ ನೀ ಮೈಸೂರಾಗ ಕೂತು ಕೇಳಿದಿ. ಬರೆದೇ ಹೇಳ್ತೀನಿ, ಫೋನಿನಾಗ ನೀ ನಡುವ ಬಾಯಿ ಹಾಕ್ತಿ.

ಇಬ್ಬರೂ ಅರಸರೇ, ಖರೆ. ಆದ್ರ ನಿಮ್ಮ ಕಡೆ 1831ರಿಂದ 1881ರ ತನಕ ಬ್ರಿಟಿಷ್ ಕಮಿಷನರುಗಳೇ ಆಡಳಿತ ನಡೆಸಿದ್ರು. ಆಮ್ಯಾಲ ಬಂದ ದಿವಾನರು ಸುಮ್ಮನ ಕೂಡಲಿಲ್ಲ: 1902ಕ್ಕ ಶಿವನಸಮುದ್ರದ ಕರೆಂಟು, 1913ಕ್ಕ ಬ್ಯಾಂಕು, 1916ಕ್ಕ ಯೂನಿವರ್ಸಿಟಿ. ನಮಗೂ 1918ಕ್ಕ ಯೂನಿವರ್ಸಿಟಿ ಬಂತಪ್ಪ, ಹೈದರಾಬಾದಿನಾಗ, ಉರ್ದುದಾಗ. ಹಳ್ಳಿ ಕನ್ನಡದ ಹುಡುಗ ಅಲ್ಲಿಗೆ ಮುಟ್ಟೋದು ಹ್ಯಾಂಗ?

ಅದೆಲ್ಲಾ ಹೋಗ್ಲಿ. ನಮ್ಮ ಜೀವ ತಿನ್ನೋದು ಹೊಲದ ಕಾಗದ. ನಿಜಾಮನ ರಾಜ್ಯದಾಗ ಸುಮಾರು ಶೇ. 60ರಷ್ಟು ನೆಲ ಮಾತ್ರ ಸರ್ಕಾರದ ದಿವಾನಿ ಲೆಕ್ಕದಾಗಿತ್ತು. ಉಳಿದದ್ದು ಜಾಗೀರದಾರರದು, ಪಾಯಗಾ ಅನ್ನೋ ದೊಡ್ಡ ಸರದಾರ ಮನೆತನಗಳದು, ನಿಜಾಮನ ಸ್ವಂತ ಸರ್ಫೆಖಾಸಿನದು. ನಮ್ಮೂರು ಜಾಗೀರು. ವಸೂಲಿ ಜಾಗೀರದಾರನದು, ದಫ್ತರ ಅವನ ಗುಮಾಸ್ತನದು, ರೊಕ್ಕ ಹೈದರಾಬಾದಿನ ಹವೇಲಿಗೆ. ಬಾವಿ ತೋಡಿಸಿದ್ರ ಅವನಿಗೇನು ಬರಬೇಕಾಗಿತ್ತು?

1948ರ ಸೆಪ್ಟೆಂಬರಿಗೆ ನಿಜಾಮನ ಆಳಿಕೆ ಮುಗೀತು, 1949ಕ್ಕ ಜಾಗೀರು ರದ್ದಾಯ್ತು. 1956ಕ್ಕ ಬೀದರ್ ಜಿಲ್ಲಾನೇ ಮೂರು ಪಾಲು: ಉದಗೀರ, ನಿಲಂಗಾ ಆಗಿನ ಮುಂಬೈ ರಾಜ್ಯಕ್ಕ (ಈಗ ಮಹಾರಾಷ್ಟ್ರ), ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕ (ಈಗ ತೆಲಂಗಾಣ), ನಾವು ನಡುವ ಮೈಸೂರು ರಾಜ್ಯಕ್ಕ. ಮಂದಿ ಹಂಚಿಹೋದ್ರು, ಕಾಗದನೂ ಹಂಚಿಹೋದ್ವು.

ಈಗ ನಮ್ಮ ಹೊಲ ನೋಡು. ಕಂಪ್ಯೂಟರ್ ಪಹಣಿಯಾಗ 6 ಎಕರೆ 20 ಗುಂಟೆ. ಟೇಪು ಹಿಡಿದ್ರ 5 ಎಕರೆ ಚಿಲ್ಲರೆ. ಉಳಿದದ್ದು ಎಲ್ಲಿ ಅಂದ್ರ ಅಣ್ಣತಮ್ಮಂದಿರೆಲ್ಲಾ ಒಬ್ಬರ ಮುಖ ಒಬ್ಬರು ನೋಡ್ತಾರ. ಫೋಡಿ, ಅಂದ್ರ ಅಳತಿ ಮಾಡಿ ಒಬ್ಬೊಬ್ಬರ ಪಾಲು ಬ್ಯಾರೆ ಮಾಡೋದು, ಆಗಿಲ್ಲ. ಮಾಡ್ರಿ ಅಂದ್ರ ಮೂಲ ದಾಖಲೆ ತರ್ರಿ ಅಂತಾರ. ನಮ್ಮ ಟ್ರಂಕಿನಾಗ ಇರೋದು ಒಂದು ಹಳದಿ ಹಾಳಿ, ಉರ್ದು ಶಿಕಸ್ತಾ ಅನ್ನೋ ಕೂಡಿಸಿ ಗೀಚಿದ ಬರಹ, ತಾರೀಖು ನಿಜಾಮನ ಕಾಲದ ಕಂದಾಯ ಲೆಕ್ಕದ ಫಸ್ಲಿ ವರ್ಷದಾಗ. ಫಸ್ಲಿಗೆ 590 ಕೂಡಿಸಿದ್ರ ಇಸವಿ ಸಿಗ್ತದ, ಅದು ನನಗೂ ಬರ್ತದ. ತಿಂಗಳು ಮಾತ್ರ ಬಹಮನ್, ಖುರ್ದಾದ್, ತೀರ್. ಓದಲಾಕ ಬರೋ ಮಾಸ್ತರು ಒಬ್ಬರು ಇದ್ದಾರ, ಕಣ್ಣಿಗೆ ಪೊರೆ ಬಂದದ. ಅವರು ಓದಿ ಹೇಳಿದ್ದಕ್ಕ ವಕೀಲರು ಅಂತಾರ, "ಇದು ಬರೇ ರಸೀದಿ, ಪಟ್ಟಾ ಅಲ್ಲ."

ನೀ ನಗಬ್ಯಾಡ. ಈ ಹಾಳಿ ಇತ್ಯರ್ಥ ಆಗಲಾರದ್ದಕ್ಕೇ ಬ್ಯಾಂಕಿನವರು ಪೈಪ್‌ಲೈನಿಗೆ ಸಾಲ ಕೊಡಲಿಲ್ಲ. ಸಾವುಕಾರ ಕೊಟ್ಟ, ನೂರಕ್ಕ ತಿಂಗಳಿಗೆ 3. ಬಡ್ಡಿ ಕಟ್ಟೋದ್ರಾಗ ತೊಗರಿ ರೊಕ್ಕ ಮುಗೀತದ, ಮತ್ತ ನೀವು ನಮಗ "ಹಿಂದುಳಿದವರು" ಅಂತೀರಿ.

ಎಲ್ಲಾ ನಿಜಾಮನ ತಲಿಗೇ ಕಟ್ಟಲಾಕ ನಾನೂ ತಯಾರಿಲ್ಲ. ಹಂಗ ಕಟ್ಟೋದು ನಮ್ಮ ಲೀಡರುಗಳಿಗೆ ಭಾಳ ಅನುಕೂಲ. ಹೈದರಾಬಾದ್ ಕಡೆಯಿಂದ ಬೀದರಿಗೆ ರೈಲು ಅವನ ಕಾಲಕ್ಕೇ ಬಂದಿತ್ತು. ನಮ್ಮದೇ ವಿಭಾಗದ ಕಲಬುರಗಿಗೆ ನೇರ ರೈಲು ಬರಬೇಕಾದ್ರ 2017 ಆಯ್ತು. ನಮ್ಮ ಭಾಗಕ್ಕ ವಿಶೇಷ ಸ್ಥಾನಮಾನ ಕೊಡೋ ಸಂವಿಧಾನದ 371(ಜೆ) ಸಿಕ್ಕಿದ್ದೂ ಮೊನ್ನೆ ಮೊನ್ನೆ, ಅದಕ್ಕೂ ನೀ ಕಣ್ಣು ಕೆಂಪು ಮಾಡ್ತಿ! ಮತ್ತ ಬೀದರ್ ಕನ್ನಡದ್ದೇನಾ ಅಂತ ಕೇಳೋವ್ರು ಒಮ್ಮೆ ಬಸವಕಲ್ಯಾಣಕ್ಕ ಬರ್ರಿ. ವಚನ ನಿಮಗ ಹೋಗಿದ್ದು ಇಲ್ಲಿಂದ.

ಕಾಗದದ ಕತಿ ಇನ್ನೂ ನಡದೇ ಅದ. ಜಾಗೀರಿನ ಹಳೇ ದಫ್ತರ ಗಡಿಯಾಚೆ ಸಿಗಬಹುದು ಅಂದ್ರು, ಹೋದೆ. ಅವರು "ನಿಮ್ಮ ರಾಜ್ಯದಿಂದ ಪತ್ರ ತರ್ರಿ" ಅಂದ್ರು. ಇಲ್ಲಿ ಬಂದು ಪತ್ರ ಕೇಳಿದ್ರ, "ಯಾವ ದಾಖಲೆ ಬೇಕು, ನಂಬರ್ ಬರಕೊಂಡು ಬರ್ರಿ" ಅಂತಾರ. ಆ ನಂಬರ್ ಇರೋದು ಅಲ್ಲಿನ ದಫ್ತರದಾಗ.