ಮಾತಾಡುವವರನ್ನೇ ಒಯ್ದರೆ ಯಾರೊಡನೆ ಮಾತು?

ಬೇಲೂರಿನ ಓದುಗರೊಬ್ಬರು ಬರೆದಿದ್ದಾರೆ: “2025ರ ಆಗಸ್ಟ್ 5ರಂದು ಸಾರಿಗೆ ಮುಷ್ಕರ. ತಾಯಿಯನ್ನು ಹಾಸನದ ಆಸ್ಪತ್ರೆಗೆ ಕರೆದೊಯ್ಯಲು ಬಸ್ಸಿಲ್ಲದೆ ಬಾಡಿಗೆ ಕಾರಿಗೆ ದುಡ್ಡು ಸುರಿದೆ. ಬೆಲೆ ಏರಿಕೆಯಲ್ಲಿ ಎಲ್ಲರೂ ಬೇಯುತ್ತಿರುವಾಗ ತಿಂಗಳ ಸಂಬಳದವರೇ ಕೆಲಸ ನಿಲ್ಲಿಸಿದರೆ ಹೇಗೆ? ಅಗತ್ಯ ಸೇವೆಗಳಲ್ಲಿ ಮುಷ್ಕರ ನಿಷೇಧಿಸುವ ಎಸ್ಮಾ ಕಾಯ್ದೆಯನ್ನು ಸರ್ಕಾರ ಹಾಕಿದ್ದು ಸರಿಯಾಗಿಯೇ ಇದೆ. ನಿಮ್ಮ ಪತ್ರಿಕೆ ಸದಾ ಯೂನಿಯನ್ನಿನವರ ಪರ ಏಕೆ?”

ನಿಮ್ಮ ಸಂಕಟ ನಿಜ. ಕಾಯಿಲೆಯ ತಾಯಿಯನ್ನು ಬಸ್ ನಿಲ್ದಾಣದಲ್ಲಿ ಕೂರಿಸಿಕೊಂಡು ಕಾದವರಿಗೆ ಕಾನೂನಿನ ಪಾಠ ಹೇಳುವುದು ಸಲ್ಲ. ಮುಷ್ಕರ ಮೂಲಭೂತ ಹಕ್ಕಲ್ಲ ಎಂದು ತಮಿಳುನಾಡು ನೌಕರರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಹೇಳಿದೆ. ಆಗಸ್ಟಿನ ಮುಷ್ಕರಕ್ಕೂ ಹೈಕೋರ್ಟ್ ತಡೆ ಕೊಟ್ಟಿತ್ತು. ಒಪ್ಪಿದೆ.

ಆದರೆ ಸಾರಿಗೆ ನೌಕರರು ಕೇಳಿದ್ದೇನು? 38 ತಿಂಗಳ ಹಿಂಬಾಕಿ. ಸಂಬಳ ಪರಿಷ್ಕರಿಸಿದ್ದು ಸರ್ಕಾರ, ಬಾಕಿ ಉಳಿಸಿಕೊಂಡದ್ದೂ ಸರ್ಕಾರ. ನಿಮಗೊಂದು ಅಂಗಡಿಯಿದ್ದು, ಅಲ್ಲಿ ಯಾರಾದರೂ ಮೂರು ವರ್ಷ ಸಾಲ ನಿಲ್ಲಿಸಿದರೆ ನೀವು ಸುಮ್ಮನಿರುತ್ತೀರಾ? ಬೆಲೆ ಏರಿದಾಗ ವ್ಯಾಪಾರಿ ತನ್ನ ಸರಕಿನ ಬೆಲೆ ಏರಿಸಿಕೊಳ್ಳುತ್ತಾನೆ. ಕಂಡಕ್ಟರು ತನ್ನ ಸಂಬಳವನ್ನು ತಾನೇ ಏರಿಸಿಕೊಳ್ಳಲಾಗದು. ಕಷ್ಟಕಾಲದಲ್ಲಿ ಮುಷ್ಕರ ಬೇಡ ಎನ್ನುತ್ತೀರಿ. ಕಷ್ಟವಿಲ್ಲದ ಕಾಲದಲ್ಲಿ ಅದನ್ನು ಯಾರು ಮಾಡುತ್ತಾರೆ ಹೇಳಿ.

ನನ್ನ ಮನಸ್ಸಿನಲ್ಲಿ ಕೂತಿರುವುದು ಬೇರೆ ಸಂಗತಿ. ನಮ್ಮ ತಂದೆ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. 2001ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿತ್ತು. ಮೂರು ವಾರ ಬಟವಾಡೆ ಇಲ್ಲ. ಕೂಲಿಯವರ ಲೈನ್ ಮನೆಗಳ ಹೆಂಗಸರು ಮಕ್ಕಳನ್ನು ಕಂಕುಳಲ್ಲಿಟ್ಟುಕೊಂಡು ಬಂದು ಕಚೇರಿಯ ಮುಂದೆ ಕೂತರು. ಕೂಗಾಟವಿಲ್ಲ, ಬರೀ ಕೂತರು. ಮಧ್ಯಾಹ್ನ ಪೊಲೀಸ್ ಜೀಪು ಬಂದು, ಎಲ್ಲರ ಪರವಾಗಿ ಮಾತಾಡುತ್ತಿದ್ದ ಇಬ್ಬರನ್ನು ಹತ್ತಿಸಿಕೊಂಡು ಹೋಯಿತು. ಅಂದು ರಾತ್ರಿ ಗೋದಾಮಿನ ಹೆಂಚು ಪುಡಿಯಾದವು. ತಂದೆ ಊಟಕ್ಕೆ ಕೂತವರು ತಟ್ಟೆ ಮುಟ್ಟದೆ ಅಂದರು: “ಬೆಳಿಗ್ಗೆಯಿಂದ ಹುಡುಗರನ್ನು ಹಿಡಿದಿಟ್ಟುಕೊಂಡಿದ್ದೇ ಆ ಇಬ್ಬರು.” ಇಪ್ಪತ್ತು ವರ್ಷ ದಾಟಿದರೂ ಆ ಮಾತು ನನ್ನನ್ನು ಬಿಟ್ಟಿಲ್ಲ.

2020ರ ಡಿಸೆಂಬರ್ 12ರಂದು ಕೋಲಾರದ ನರಸಾಪುರದಲ್ಲಿ, ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಏನಾಯಿತೆಂದು ನೆನಪಿಸಿಕೊಳ್ಳಿ. ಕೊರೊನಾ ವರ್ಷ. ಗುತ್ತಿಗೆ ಕಾರ್ಮಿಕರ ಕೈಗೆ ಹೇಳಿದಷ್ಟು ಸಂಬಳ ಬರುತ್ತಿರಲಿಲ್ಲ. ಅವರ ಪರ ಮಾತಾಡುವ ಸಂಘವೂ ಅಲ್ಲಿರಲಿಲ್ಲ. ಗಾಜು ಒಡೆದವು, ವಾಹನ ಉರುಳಿದವು, ನೂರಕ್ಕೂ ಹೆಚ್ಚು ಜನ ಜೈಲು ಸೇರಿದರು. ವಾರದೊಳಗೆ ಕಂಪನಿಯೇ ಸಂಬಳ ಪಾವತಿಯಲ್ಲಿ ತಪ್ಪಾಗಿದೆ ಎಂದು ಒಪ್ಪಿಕೊಂಡಿತು. ದೂರು ಮೊದಲೇ ಮೇಜು ಮುಟ್ಟಿದ್ದರೆ ಕಲ್ಲು ಯಾಕೆ ಬೇಕಿತ್ತು? ಹಿಂಸೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಯೂನಿಯನ್ ಇಲ್ಲದ ಕಡೆ ಶಾಂತಿ ಇರುತ್ತದೆಂಬ ನಂಬಿಕೆಯನ್ನು ದಯವಿಟ್ಟು ಬಿಡಿ.

ಮಾತಾಡುವವರನ್ನೇ ಒಯ್ಯುವುದು ಇಂದಿನ ಚಾಳಿಯಲ್ಲ. 1974ರಲ್ಲಿ ಬೆಲೆಗಳು ವರ್ಷಕ್ಕೆ ಶೇ 20ಕ್ಕೂ ಮೀರಿ ಏರುತ್ತಿದ್ದವು. ರೈಲ್ವೆ ಮುಷ್ಕರ ಮೇ 8ಕ್ಕೆ ಶುರುವಾಗಬೇಕಿತ್ತು. ಅದರ ನಾಯಕ, ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸರನ್ನು ಮೇ 2ಕ್ಕೇ ಬಂಧಿಸಿದರು. ಮಾತುಕತೆ ನಡೆಯುತ್ತಿರುವಾಗಲೇ! ಸಾವಿರಾರು ಜನ ಜೈಲಿಗೆ, ಕ್ವಾರ್ಟರ್ಸಿನಲ್ಲಿದ್ದ ಹೆಂಡಿರು ಮಕ್ಕಳು ಬೀದಿಗೆ. ಇಪ್ಪತ್ತು ದಿನದಲ್ಲಿ ಮುಷ್ಕರ ಮುರಿಯಿತು. ಮುಂದಿನ ವರ್ಷ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ರೈಲ್ವೆಯವರ ಮೇಲೆ ಅಭ್ಯಾಸ ಮಾಡಿಕೊಂಡ ಕೈ ಆಮೇಲೆ ಎಲ್ಲರ ಬಾಯಿಯನ್ನೂ ಮುಚ್ಚಿತು ಎಂದೇ ನಾನು ನಂಬಿದ್ದೇನೆ. ಅರಸೀಕೆರೆಗೆ ಹೋದರೆ ರೈಲ್ವೆಯಿಂದ ನಿವೃತ್ತರಾದ ಹಿರಿಯರನ್ನು ಒಮ್ಮೆ ಮಾತಾಡಿಸಿ.

ಈಗ ಲಾಠಿಗಿಂತ ಕಾಗದದ ಕೆಲಸ ಹೆಚ್ಚು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ ಯಾವ ಕಾರ್ಖಾನೆಯಲ್ಲೇ ಆಗಲಿ, 14 ದಿನದ ನೋಟಿಸ್ ಇಲ್ಲದೆ ಮುಷ್ಕರ ಹೂಡುವಂತಿಲ್ಲ. ಸಂಧಾನ ಶುರುವಾದರೆ ಮುಗಿಯುವತನಕ ಹೂಡುವಂತಿಲ್ಲ. ಅರ್ಧದಷ್ಟು ಕಾರ್ಮಿಕರು ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಬಿಟ್ಟರೆ ಜಾಗವಿಲ್ಲ. ಆಶಾ, ಅಂಗನವಾಡಿ ಹೆಣ್ಣುಮಕ್ಕಳು ಚಳಿಯಲ್ಲಿ ಅಲ್ಲೇ ಮಲಗಿ ಎದ್ದರು. ಅದೇ ರಾಜಕೀಯ ಪಕ್ಷಗಳ ನಾಯಕರು ನಮ್ಮೂರಿಗೆ ಬಂದರೆ ಅರ್ಧ ದಿನ ರಸ್ತೆ ಬಂದ್. ಆಗ ಯಾವ ಓದುಗರೂ ನನಗೆ ಪತ್ರ ಬರೆಯುವುದಿಲ್ಲ.

ನಮ್ಮ ಪತ್ರಿಕಾ ವೃತ್ತಿಯ ಮೇಲೂ ನನಗೆ ಸಿಟ್ಟಿದೆ. ‘ಮುಷ್ಕರ: ಪ್ರಯಾಣಿಕರ ಪರದಾಟ’ ಎಂದು ದಪ್ಪ ಅಕ್ಷರದಲ್ಲಿ ಹಾಕುತ್ತೇವೆ, 38 ತಿಂಗಳು ಎಂಬುದು ಏಳನೆಯ ಸಾಲಿನಲ್ಲಿ, ಇದ್ದರೆ ಉಂಟು. ನಿಮ್ಮಂಥ ಸಜ್ಜನರಿಗೂ ಎಸ್ಮಾ ಸರಿ ಎನಿಸಿದ್ದರೆ ಅದರಲ್ಲಿ ನಮ್ಮ ಪಾಲೂ ಇದೆ.

ನಿಮ್ಮ ಪತ್ರದಲ್ಲಿ ಬಾಡಿಗೆ ಕಾರಿಗೆ ದುಡ್ಡು ಸುರಿದದ್ದು ಇದೆ, ತಾಯಿಯವರ ಆರೋಗ್ಯ ಹೇಗಿದೆಯೆಂದು ಇಲ್ಲ. ಬಿಡುವಾದಾಗ ಎರಡು ಸಾಲು ಬರೆಯಿರಿ.